ಸಿನಿಮಾ ಲೆನ್ಸಿಗೆ ಎರಡನೇ ಜನ್ಮ

ಮಂದ ಬೆಳಕಿನಲ್ಲಿ ಸ್ಥಿರಚಿತ್ರ ತೆಗೆಯುವವರಿಗೆ ಒಂದು ಅನುಕೂಲವಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಬೇಕೆನಿಸಿದರೆ ಎರಡು ಸೆಕೆಂಡು ಷಟರ್ ತೆರೆದಿಡಬಹುದು. ಚಲನಚಿತ್ರದ ಛಾಯಾಗ್ರಾಹಕರಿಗೆ ಆ ಸ್ವಾತಂತ್ರ್ಯವಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳು ಓಡುವಾಗ ಒಂದೊಂದಕ್ಕೂ ಬೆಳಕು ಬೀಳುವ ಅವಧಿ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ. ಆದ್ದರಿಂದಲೇ ಹೆಚ್ಚು ಬೆಳಕನ್ನು ಒಳಬಿಡುವ ಲೆನ್ಸ್‌ಗಳು ಸಿನಿಮಾಕ್ಕೆ ಬೇಕಾದವು. ಇವನ್ನು ‘ವೇಗದ ಲೆನ್ಸ್’ ಎನ್ನುತ್ತಾರೆ.

ಫ್ರಾನ್ಸಿನ ಪಿಯರ್ ಆಂಜೆನ್ಯೂ 1953ರಲ್ಲಿ 16 ಮಿ.ಮೀ. ಕ್ಯಾಮೆರಾಗಳಿಗಾಗಿ ಹೊರತಂದ 25 ಮಿ.ಮೀ. ಲೆನ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಎಫ್ ಸಂಖ್ಯೆ 0.95. ಈ ಸಂಖ್ಯೆ ಇಳಿದಷ್ಟೂ ಬೆಳಕು ಹೆಚ್ಚು. ಎಫ್ 2ಕ್ಕೆ ಹೋಲಿಸಿದರೆ ಇಲ್ಲಿ ನಾಲ್ಕು ಪಟ್ಟಿಗೂ ಮಿಕ್ಕಿ ಬೆಳಕು ಒಳಬರುತ್ತದೆ. 1964ರಲ್ಲಿ ಚಂದ್ರನ ಸಮೀಪಚಿತ್ರಗಳನ್ನು ಕಳಿಸಿದ ಅಮೆರಿಕದ ರೇಂಜರ್ 7 ನೌಕೆಯಲ್ಲೂ ಆಂಜೆನ್ಯೂ ಲೆನ್ಸ್ ಇತ್ತು.

ಇಂಥ ಲೆನ್ಸ್ ಸ್ಥಿರಚಿತ್ರದವರಿಗೆ ಸುಲಭವಾಗಿ ದಕ್ಕದಿರಲು ಕಾರಣ ಒಂದು ಕನ್ನಡಿ. 16 ಮಿ.ಮೀ. ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಫಿಲ್ಮಿಗೂ ನಡುವೆ ಸುಮಾರು 17.5 ಮಿ.ಮೀ. ಅಂತರ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ನಡುವೆ ಓರೆಯಾಗಿ ನಿಂತ ಕನ್ನಡಿಗೂ ಜಾಗ ಬೇಕು. ನಿಕಾನ್‌ನಲ್ಲಿ ಈ ಅಂತರ 46.5 ಮಿ.ಮೀ. ಅಷ್ಟು ದೂರ ಕೂತ ಸಿನಿಮಾ ಲೆನ್ಸಿಗೆ ತೀರ ಹತ್ತಿರದ ವಸ್ತುವಷ್ಟೇ ಸ್ಫುಟ, ಉಳಿದದ್ದೆಲ್ಲ ಮಸುಕು. 2008ರಲ್ಲಿ ಮೈಕ್ರೊ ಫೋರ್ ಥರ್ಡ್ಸ್ ಎಂಬ, ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಗಳು ಬಂದಾಗ ಅಂತರ 20 ಮಿ.ಮೀ.ಗಿಂತ ಕೆಳಗಿಳಿಯಿತು. ಉಳಿದ ಸುಮಾರು ಎರಡು ಮಿ.ಮೀ. ಹೆಚ್ಚಳವನ್ನು, ಲೆನ್ಸನ್ನು ತುಸು ಒಳಕ್ಕೆ ಇಳಿಸುವ ಲೋಹದ ಬಳೆಯೊಂದು ಸರಿದೂಗಿಸಿತು. ಪೆಟ್ಟಿಗೆ ಸೇರಿದ್ದ ಲೆನ್ಸ್‌ಗಳು ಮತ್ತೆ ಹೊರಬಂದವು.

ತೊಡಕುಗಳೂ ಇವೆ. 16 ಮಿ.ಮೀ. ಫಿಲ್ಮಿನ ಚೌಕಟ್ಟಿನ ಅಗಲ ಸುಮಾರು 10 ಮಿ.ಮೀ.; ಈ ಕ್ಯಾಮೆರಾಗಳ ಸಂವೇದಕದ್ದು 17.3 ಮಿ.ಮೀ. ಹೀಗಾಗಿ ಚಿತ್ರದ ಮೂಲೆಗಳು ಕಪ್ಪಾಗುವುದುಂಟು, ಅಂಚುಗಳು ಕದಡಿದಂತೆ ಕಾಣುವುದುಂಟು. ಕೆಲವರಿಗೆ ಅದೇ ಸೊಗಸು. ಇಲ್ಲದಿದ್ದರೆ ಅಂಚನ್ನು ಕತ್ತರಿಸಿಬಿಟ್ಟರಾಯಿತು.

ಕತ್ತರಿಸಬಾರದ್ದು ಲೆನ್ಸನ್ನು. ಕೆಲವು ವೇಗದ ಲೆನ್ಸ್‌ಗಳ ಹಿಂಬದಿ ದಪ್ಪ. ಬಳೆಯ ತಗ್ಗಿನೊಳಗೆ ಇಳಿಯದು. ಆಗ ಲೆನ್ಸಿನ ಲೋಹವನ್ನೇ ಅರದಿಂದ ಉಜ್ಜಿ ಕೂರಿಸುವವರಿದ್ದಾರೆ. ಹಾಗೆ ಉಜ್ಜಿದ ಲೆನ್ಸ್ ಮರಳಿ ಮೊದಲಿನ ರೂಪಕ್ಕೆ ಬಾರದು. ಎಷ್ಟೋ ಸಲ ಬಳೆಯ ಬಾಯನ್ನೇ ಲೇತಿನಲ್ಲಿ ಅಗಲ ಮಾಡಿಸಿದರೆ ಅದೇ ಕೆಲಸವಾಗುತ್ತದೆ. ಬಳೆ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಎಪ್ಪತ್ತು ವರ್ಷ ಬಾಳಿದ ಲೆನ್ಸಿನ ವಿಷಯ ಹಾಗಲ್ಲ. ಅದು ಇಂದಿನ ಒಡೆಯನ ಕೈದಾಟಿ ಇನ್ನೊಬ್ಬರ ಕ್ಯಾಮೆರಾಕ್ಕೂ ಹೋಗಬೇಕಾದದ್ದು.