ಮುಂಬಯಿಯಲ್ಲಿ ಸಂಚಾರ

ಮೈಸೂರಿನಲ್ಲಿ ದಾರಿ ತಪ್ಪುವುದು ಅಪರೂಪ. ಅರಮನೆ ಎಲ್ಲಿದೆಯೆಂದು ತಿಳಿದರೆ ಸಾಕು. ಊರಿನ ದೊಡ್ಡ ಬೀದಿಗಳೆಲ್ಲ ಅದರ ಸುತ್ತಮುತ್ತಲೇ ಬಂದು ಸೇರುತ್ತವೆ. ದಿಕ್ಕು ತೋರಲು ಚಾಮುಂಡಿ ಬೆಟ್ಟವೂ ಉಂಟು. ಇಂತಹ ಊರಿನಿಂದ ಹೊರಟು ಮೊದಲ ಬಾರಿಗೆ ಮುಂಬಯಿಯಲ್ಲಿ ಇಳಿದವರಿಗೆ ಗಾಬರಿಯಾಗುವುದು ಸಹಜ. ಆದರೆ ಆ ಮಹಾನಗರದ ಆಕಾರವನ್ನು ಒಮ್ಮೆ ಮನಸ್ಸಿನಲ್ಲಿ ನಿಲ್ಲಿಸಿಕೊಂಡರೆ ಗಾಬರಿ ತಾನಾಗಿ ಇಳಿಯುವುದೆಂದು ಈ ಹೊತ್ತು ಕೇಳುಗರಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ.

ಮುಂಬಯಿ ನೀಳವಾದ ಒಂದು ನೆಲದ ಪಟ್ಟಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಪೂರ್ವಕ್ಕೆ ಹಡಗುಗಳು ತಂಗುವ ಬಂದರು. ಅಗಲವಾಗಿ ಹರಡಲು ಎಡೆಯಿಲ್ಲದೆ ನಗರವು ಉತ್ತರಕ್ಕೆ ಉದ್ದವಾಗಿ ಬೆಳೆಯಿತು. ಆದುದರಿಂದ ಉದ್ದಕ್ಕೆ ಹೋಗಲು ರೈಲು, ಅಡ್ಡಕ್ಕೆ ಹೋಗಲು ಬಸ್ಸು ಅಥವಾ ಟ್ಯಾಕ್ಸಿ ಎಂಬುದೇ ಪ್ರವಾಸಿಗೆ ಮೊದಲ ಸೂತ್ರ.

1853ರಲ್ಲಿ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಇಲ್ಲಿಯ ಬೋರಿಬಂದರಿನಿಂದ ಠಾಣೆಗೆ. 1925ರಲ್ಲಿ ವಿದ್ಯುತ್ ಗಾಡಿಯೂ ಮೊದಲು ಓಡಿದುದು ಇಲ್ಲಿಯೇ. ಈಗ ಪಶ್ಚಿಮ ಮಾರ್ಗವು ಚರ್ಚ್‌ಗೇಟಿನಿಂದಲೂ, ಮಧ್ಯ ಮಾರ್ಗ ಮತ್ತು ಬಂದರಿನ ಕಡೆಯ ಹಾರ್ಬರ್ ಮಾರ್ಗಗಳು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದಲೂ ಹೊರಡುತ್ತವೆ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳು ದಾದರಿನಲ್ಲಿ ಸಂಧಿಸುತ್ತವೆ. ಹೆಸರುಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಹೋಗತಕ್ಕವರು ಮಧ್ಯ ಮಾರ್ಗದ ‘ಮಾಟುಂಗ’ದಲ್ಲಿ ಇಳಿಯಬೇಕು, ‘ಮಾಟುಂಗ ರೋಡ್’ ಎಂಬುದು ಪಶ್ಚಿಮ ಮಾರ್ಗದ ಬೇರೆ ನಿಲ್ದಾಣ. ಫಾಸ್ಟ್ ಗಾಡಿ ಹತ್ತಿದರೆ ಎರಡೂ ಕಣ್ಣೆದುರಿಗೇ ಹಿಂದೆ ಸರಿದುಹೋಗುತ್ತವೆ; ಸ್ಲೋ ಗಾಡಿಯನ್ನೇ ಹತ್ತತಕ್ಕದ್ದು.

ಇನ್ನು ಹೊತ್ತಿನ ವಿಚಾರ. ಬೆಳಿಗ್ಗೆ ಜನಪ್ರವಾಹವು ಹೆಚ್ಚಾಗಿ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಹರಿಯುತ್ತದೆ. ಕಚೇರಿಯ ಅವಸರವಿಲ್ಲದ ಪ್ರವಾಸಿಯು ಹನ್ನೊಂದರಿಂದ ನಾಲ್ಕರ ನಡುವೆ ಓಡಾಡುವುದು ಲೇಸು. 2025ರ ಜೂನ್ 9ರಂದು ಮುಂಬ್ರಾದ ಬಳಿ, ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಕೆಳಗುರುಳಿ ಕೆಲವರು ಪ್ರಾಣ ಕಳೆದುಕೊಂಡರು. ಅವರು ನಿತ್ಯದ ದುಡಿಮೆಗೆ ಹೊರಟವರು; ಅವರಿಗೆ ಬೇರೆ ದಾರಿಯಿರಲಿಲ್ಲ. ನೋಡಲು ಹೋದ ನಮಗೆ ಆ ನಿರ್ಬಂಧವಿಲ್ಲ. ಒಂದು ಗಾಡಿ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಮತ್ತೊಂದು ಬರುತ್ತದೆ. ಹೋದ ಪ್ರಾಣ ಹಾಗೆ ಬರುವುದಿಲ್ಲ. ಪೆಟ್ಟಿಗೆ ಹಾಸಿಗೆಗಳಿದ್ದರೆ ಟ್ಯಾಕ್ಸಿಯೇ ವಾಸಿ.

ಮುಂಬಯಿಯ ಟ್ರಾಮುಗಳು 1964ರಲ್ಲಿ ನಿಂತುಹೋದವು. 1926ರಲ್ಲಿ ಆರಂಭವಾದ ಬೆಸ್ಟ್ ಸಂಸ್ಥೆಯ ಬಸ್ಸುಗಳು ಈಗಲೂ ಓಡುತ್ತಿವೆ. ಹಳೆಯ ಡೀಸೆಲ್ ಡಬಲ್ ಡೆಕ್ಕರುಗಳು 2023ರಲ್ಲಿ ವಿಶ್ರಾಂತಿ ಪಡೆದು ವಿದ್ಯುತ್ತಿನವು ಬಂದಿವೆ. ನಮ್ಮಲ್ಲಿಯಂತೆ ಎಲ್ಲೆಂದರಲ್ಲಿ ಆಟೋರಿಕ್ಷಾ ಕರೆಯುವಂತಿಲ್ಲ. ದಕ್ಷಿಣದ ದ್ವೀಪನಗರಿಯಲ್ಲಿ ಅವಕ್ಕೆ ಪ್ರವೇಶವಿಲ್ಲ, ಪಶ್ಚಿಮದಲ್ಲಿ ಬಾಂದ್ರಾದಿಂದ ಉತ್ತರಕ್ಕೆ ಮಾತ್ರ ಉಂಟು. ಮೊದಲ ಸೂತ್ರಕ್ಕೆ ಅಪವಾದವಾಗಿ, 2014ರಲ್ಲಿ ತೆರೆದ ವರ್ಸೋವಾ–ಘಾಟ್ಕೋಪರ್ ಮೆಟ್ರೋ ನಗರವನ್ನು ಅಡ್ಡಲಾಗಿ ದಾಟಿಸುತ್ತದೆ. 2025ರಲ್ಲಿ ಪೂರ್ಣಗೊಂಡ ನೆಲದಡಿಯ ಮೆಟ್ರೋ ಕಫ್ ಪರೇಡಿನಿಂದ ವಿಮಾನ ನಿಲ್ದಾಣಗಳ ಮೂಲಕ ಆರೆಯವರೆಗೆ ಹೋಗುತ್ತದೆ.

ಬಂದರನ್ನು ಕಣ್ಣಾರೆ ಕಾಣಲು ದೋಣಿಯೇ ಬೇಕು. ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಸುಮಾರು ಒಂದು ಗಂಟೆಯ ಪಯಣ. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಕೊಟ್ಟ ತೇಲುವ ಅಂಗಿಯನ್ನು ತೊಡಲು ಸಂಕೋಚಪಡಬಾರದು.

ಆ ದೋಣಿಯಲ್ಲಿ ಕುಳಿತು ಹಿಂದಿರುಗಿ ನೋಡಿದರೆ, ದಡದಲ್ಲಿ ನಮ್ಮನ್ನು ನೂಕಿ ತಳ್ಳಿದ ನಗರವು ನೀರಿನ ಮೇಲೆ ಎಳೆದ ಒಂದು ಗೆರೆಯಂತೆ ಉದ್ದಕ್ಕೆ ಕಾಣುತ್ತದೆ. ಆ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಅಲ್ಲಿ ದಾರಿ ತಪ್ಪುವುದಿಲ್ಲ.