ಕರಟದ ಇದ್ದಿಲು ನೀರಿಗಿಳಿದ ಕಥೆ



ತಿಪಟೂರು, ಅರಸೀಕೆರೆ ಕಡೆ ಕರಟವೆಂದರೆ ಹಂಡೆ ಒಲೆಯ ಉರುವಲು. ಅದನ್ನೇ ಗಾಳಿಯಾಡದಂತೆ ಸುಟ್ಟು, ಬಂದ ಇದ್ದಿಲನ್ನು ಕೆಂಪಗೆ ಕಾಯಿಸಿ ಹಬೆ ಹಾಯಿಸಿದರೆ, ಕೊಳೆನೀರಿನ ಬಣ್ಣ, ವಾಸನೆಗಳನ್ನು ಹಿಡಿದಿಡುವ ಸಕ್ರಿಯ ಇದ್ದಿಲಾಗುತ್ತದೆ. ಈ ವಿದ್ಯೆ ಬೆಳೆದದ್ದು ಮಾತ್ರ ನೀರಿನ ಮೇಲಿನ ಕಾಳಜಿಯಿಂದಲ್ಲ.

1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಸಾಯನಜ್ಞ ಟೋಬಿಯಾಸ್ ಲೋವಿಟ್ಸ್, ಕಂದುಗಟ್ಟಿದ ಟಾರ್ಟಾರಿಕ್ ಆಮ್ಲದ ದ್ರಾವಣ ಇದ್ದಿಲ ಪುಡಿಯಿಂದ ತಿಳಿಯಾಗುವುದನ್ನು ಕಂಡ. ಇದರ ಲಾಭ ಪಡೆದವರು ಸಕ್ಕರೆ ತಯಾರಕರು. ಪಾಕದ ಬಣ್ಣ ತೆಗೆಯಲು ಮೊದಲು ಮರದ ಇದ್ದಿಲು, ಆಮೇಲೆ ಮೂಳೆಯ ಇದ್ದಿಲು! ಹಬೆಯಿಂದ ಇದ್ದಿಲಿಗೆ ಕಸುವು ತುಂಬುವ ವಿಧಾನಕ್ಕೆ ರಾಫೆಲ್ ಆಸ್ಟ್ರೆಜ್ಕೊ ಪೇಟೆಂಟ್ ಪಡೆದದ್ದು 20ನೇ ಶತಮಾನದ ಆರಂಭದಲ್ಲಿ.

ಕರಟಕ್ಕೆ ಬೆಲೆ ತಂದದ್ದು ಯುದ್ಧ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು. ವಿಷಾನಿಲ ತಡೆಯುವ ಮುಖವಾಡಕ್ಕೆ ಹಲವು ಇದ್ದಿಲುಗಳನ್ನು ಪರೀಕ್ಷಿಸಿದ ಅಮೆರಿಕದವರಿಗೆ ತೆಂಗಿನ ಕರಟದ್ದೇ ಮೇಲೆನಿಸಿತು. ಅಷ್ಟೊಂದು ಕರಟ ಅವರಿಗೆಲ್ಲಿಂದ ಬರಬೇಕು? 1918ರಲ್ಲಿ ಪೀಚ್ ಹಣ್ಣಿನ ಬೀಜ, ವಾಲ್‌ನಟ್ ಚಿಪ್ಪು ಎಸೆಯಬೇಡಿ ಎಂದು ಭಿತ್ತಿಪತ್ರ ಹಚ್ಚಿ ಊರೂರಲ್ಲಿ ಸಂಗ್ರಹಿಸಿದರು. ಕರಟದ ಇದ್ದಿಲು ಗಟ್ಟಿ, ರಂಧ್ರಗಳು ಅತಿ ಸಣ್ಣ. ಒಂದು ಗ್ರಾಂನೊಳಗೆ ಸುಮಾರು 1000 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಯಷ್ಟು ಮೇಲ್ಮೈ. ಹಾದುಹೋಗುವ ಅಣುಗಳು ಅಲ್ಲಿ ಅಂಟಿಕೊಳ್ಳುತ್ತವೆ.

ಯುದ್ಧ ಮುಗಿದ ಮೇಲೆ ಸಕ್ರಿಯ ಇದ್ದಿಲು ನಗರಗಳ ಕುಡಿಯುವ ನೀರಿಗೆ ಬಂತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸೌತ್ ಟಾಹೋದಲ್ಲಿ ಚರಂಡಿ ನೀರನ್ನೇ ಅದರಲ್ಲಿ ಹಾಯಿಸಿ ತಿಳಿಗೊಳಿಸಿದರು. ತುಂಬಿಹೋದ ಇದ್ದಿಲನ್ನು ಅಲ್ಲೇ ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಳಸಿದರು. ಯೋಜನೆ ನಿಂತದ್ದು ಈ ಕುಲುಮೆಯ ಬಲದ ಮೇಲೆ ಎಂಬುದು ನನ್ನ ಎಣಿಕೆ.

ಇದ್ದಿಲು ದುಬಾರಿ ಎಂದು ಬಡ ದೇಶಗಳ ಸಂಶೋಧಕರು ಸುಡದ ಕೃಷಿ ತ್ಯಾಜ್ಯಕ್ಕೇ ಕೈಹಾಕಿದರು: ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ತೆಂಗಿನ ನಾರಿನ ಪುಡಿ. ಇವುಗಳಲ್ಲಿರುವ ಆಮ್ಲೀಯ ಗುಂಪುಗಳು ಸೀಸ, ಕ್ಯಾಡ್ಮಿಯಂಗಳನ್ನು ಹಿಡಿಯುವುದು ನಿಜ. ಆದರೆ ಎಷ್ಟೋ ಪ್ರಬಂಧಗಳಲ್ಲಿ ನೀರು ಶುದ್ಧವಾದದ್ದು ಬೀಕರಿನಲ್ಲಿ. ಭಟ್ಟಿ ಇಳಿಸಿದ ನೀರಿಗೆ ಒಂದೇ ಲೋಹ ಬೆರೆಸಿ ನೋಡಿದ ಫಲಿತಾಂಶ. ಬಣ್ಣದ ಕಾರ್ಖಾನೆಯ ನೀರಿನಲ್ಲಿ ಉಪ್ಪು, ಸೋಪು, ನಾನಾ ಬಣ್ಣಗಳು ಜಾಗಕ್ಕಾಗಿ ಪೈಪೋಟಿ ಮಾಡುತ್ತವೆ. ಸಾಲದ್ದಕ್ಕೆ ಹಸಿ ಸಿಪ್ಪೆ ತಾನೇ ಕಂದುಬಣ್ಣ ಬಿಡುತ್ತದೆ.

ಹೊಟ್ಟು ಬೀಕರಿನಿಂದಾಚೆ ಬಂದದ್ದೂ ಉಂಟು. 2009ರಲ್ಲಿ ಟಾಟಾದವರು ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಲೇಪಿಸಿ 'ಸ್ವಚ್' ಶೋಧಕ ತಂದರು. ಅದು ಕುಡಿಯುವ ನೀರಿನ ರೋಗಾಣುಗಳಿಗೆ, ಕಾರ್ಖಾನೆಯ ಕೊಳೆಗಲ್ಲ.

ಹೊಟ್ಟು ಪುಕ್ಕಟೆ ಎನ್ನುವ ಕಾಲವೂ ಹೋಯಿತು. ಅಕ್ಕಿ ಗಿರಣಿಗಳು ಅದನ್ನು ತಮ್ಮ ಬಾಯ್ಲರಿಗೇ ಸುರಿಯುತ್ತವೆ, ಇಟ್ಟಿಗೆ ಗೂಡಿನವರು ಕೊಳ್ಳುತ್ತಾರೆ. ಕ್ರೋಮಿಯಂ ಹೀರಿದ ಹೊಟ್ಟನ್ನು ಗೂಡಿಗೆ ಹಾಕಿದರೆ ಲೋಹ ಬೂದಿಯಲ್ಲಿ ಉಳಿಯುತ್ತದೆ, ಹೊಲಕ್ಕೆ ಹಾಕಿದರೆ ಮಣ್ಣಿಗಿಳಿಯುತ್ತದೆ. ಆಮ್ಲದಲ್ಲಿ ತೊಳೆದರೆ ಆ ಆಮ್ಲವೇ ಹೊಸ ಕೊಳೆನೀರು. ಕೊನೆಗೆ ಆ ಹೊಟ್ಟನ್ನು ಅಪಾಯಕಾರಿ ತ್ಯಾಜ್ಯದ ವಿಲೇವಾರಿ ತಾಣಕ್ಕೆ ಲಾರಿಯಲ್ಲಿ ಸಾಗಿಸಬೇಕು, ಆ ಬಾಡಿಗೆಯನ್ನು ಕಾರ್ಖಾನೆಯೇ ಕಟ್ಟಬೇಕು.