ಅಪ್ಪ ನೋಡಿದ ಸಿನಿಮಾ



ಒಂಬತ್ತನೇ ತರಗತಿಯಲ್ಲಿ ಕ್ಲಾಸ್ ತಪ್ಪಿಸಿ ಸಿನಿಮಾಕ್ಕೆ ಹೋದವನು ಇಂದು ಸಿನಿಮಾದ ಬಗ್ಗೆಯೇ ಬುದ್ಧಿ ಹೇಳುತ್ತಾನೆಂದು ಮೇಷ್ಟ್ರು ನಗಬಹುದು. ನಗಲಿ.

ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬಂದದ್ದು 1972ರಲ್ಲಿ. ರಾಜಕುಮಾರ್ ಅವರ ರಾಜೀವ ಹಳ್ಳಿಗೆ ಬಂದು ಬಂಜರು ನೆಲವನ್ನು ಹಸನು ಮಾಡುತ್ತಾನೆ. ನಮ್ಮಪ್ಪ ಅದನ್ನು ಟೆಂಟಿನಲ್ಲಿ ಮೂರು ಸಲ ನೋಡಿದರಂತೆ. ಪಟ್ಟಣದ ಕೆಲಸ ಬಿಟ್ಟು ಹೊಲಕ್ಕಿಳಿಯಲು ಆ ಚಿತ್ರವೂ ಒಂದು ಕಾರಣ ಎನ್ನುತ್ತಾರೆ.

ಈಚೆಗೆ ಅಕ್ಕನ ಮಗ ‘ಕೆ.ಜಿ.ಎಫ್.’ನ ರಾಕಿಯಂತೆ ಗಡ್ಡ ಬಿಟ್ಟು, ನಮ್ಮಪ್ಪನ ಎದುರೇ ಸಿಗರೇಟಿನ ಭಂಗಿಯಲ್ಲಿ ರೀಲ್ಸ್ ಮಾಡಿದ. ನನಗೆ ಸಿಟ್ಟು ಬಂತು. ಬಂದೂಕು ಹಿಡಿದವನೇ ನಾಯಕನಾದರೆ ನೇಗಿಲು ಹಿಡಿದವನನ್ನು ಯಾರು ಕೇಳುತ್ತಾರೆ ಎಂದು ಅರ್ಧ ಗಂಟೆ ಬೈದೆ. ಅವನು ತಣ್ಣಗೆ ಕೇಳಿದ: “ಮಾವಾ, ‘ಬಂಗಾರದ ಮನುಷ್ಯ’ ನೀನೂ ನೋಡಿದ್ದೀಯಲ್ಲ, ಹೊಲಕ್ಕೆ ಯಾವಾಗ ಬರ್ತೀಯಾ?”

ಅಪ್ಪ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.

ಹಿರಿಯರ ಎದುರು ಆ ಭಂಗಿ ತಪ್ಪೇ, ಅದರಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ಅಪ್ಪನಿಗೀಗ ಮಂಡಿನೋವು. ಕೆರೆ ಕೆಳಗಿನ ಎರಡು ಎಕರೆ ಈ ವರ್ಷ ಬೀಳು ಬಿದ್ದಿದೆ. ನಾನು ನಾಳೆ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಡಬೇಕು.